ಹುಣಸೆ ಹಲಗೆ

ಜುಲೈ 6, ಗುರುವಾರ

ಈ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗಂಟೆ ಬಾರಿಸುವುದಿಲ್ಲ. ಬೋರ್ಡಿಂಗ್ ಶಾಲೆಯಲ್ಲಿ ಏಳಲು ಒಂದು ಗಂಟೆ, ಉಣ್ಣಲು ಒಂದು, ಅಳು ನಿಲ್ಲಿಸಿ ಮಲಗಲು ಒಂದು. ಇಲ್ಲಿ ಯಾವಾಗ ಏಳಬೇಕೆಂದು ನಾನೇ ತೀರ್ಮಾನಿಸಬೇಕಂತೆ. ಆ ಚಿಂತೆಗೇ ಬೆಳಕು ಹರಿಯುವ ಮೊದಲು ಎಚ್ಚರವಾಗಿ ಫ್ಯಾನ್ ನೋಡುತ್ತಾ ಬಿದ್ದಿರುತ್ತೇನೆ. ಪಕ್ಕದ ಮಂಚದಲ್ಲಿ ರೂಮ್‌ಮೇಟ್ ಮುಕ್ ಗೊರಕೆ ಹೊಡೆಯುತ್ತಾಳೆ. ಫ್ರೇ ಊರಿನ ಹುಡುಗಿ. ಉಬ್ಬಸ ಇದೆ, ಭಯ ಇಲ್ಲ. ನನಗೆ ತದ್ವಿರುದ್ಧ.

ಸಂಜೆ ಕೃಷಿ ವಿಭಾಗದ ಮೊದಲ ವರ್ಷದವರನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿ ವಿಭಾಗದ ಹಾಡು ಕಲಿಸಿದರು. ಕೂಗಬೇಕು. ನಾನು ತುಟಿ ಮಾತ್ರ ಆಡಿಸಿದೆ.

"ಏ, ಆ ಉದ್ದ ಮೂಗಿನ ಪರಂಗಿ! ನಿನಗೆ ನಮ್ಮ ಭಾಷೆ ಬರುತ್ತೇನೇ?" ಎಂದು ಒಬ್ಬ ಸೀನಿಯರ್ ಕೂಗಿದ.

ನಾನು ಹುಟ್ಟಿದ್ದು ಇದೇ ದೇಶದ ಲಂಪಾಂಗ್‌ನಲ್ಲಿ, ಅಜ್ಜಿಯ ಮನೆಯಲ್ಲಿ. ಇಂಗ್ಲೆಂಡಿನಿಂದ ನನಗೆ ಬಂದದ್ದು ಅಪ್ಪನ ಮೂಗು, ಮತ್ತು ಅಪ್ಪ ಅಲ್ಲಿಗೇ ವಾಪಸ್ ಹೋದ ಸುದ್ದಿ. ಇದನ್ನೆಲ್ಲ ಹೇಳಬಹುದಿತ್ತು. "ಬರುತ್ತೆ" ಎನ್ನಲು ಹೋದೆ, ಅಷ್ಟೂ ಹೊರಬರಲಿಲ್ಲ. ನಕ್ಕರು.

ಜುಲೈ 9, ಭಾನುವಾರ

ನನ್ನ ಅಕ್ಕ ಸಿಕ್ಕಳು!

ನೋಂದಣಿ ಸಂಖ್ಯೆಯ ಕೊನೆಯ ಅಂಕಿಗಳು ಯಾರದಕ್ಕೆ ಹೊಂದುತ್ತವೋ ಆ ಎರಡನೇ ವರ್ಷದವರು ನಮಗೆ ಅಕ್ಕ ಅಥವಾ ಅಣ್ಣ. ಉಣ್ಣಿಸುವುದು, ನೋಟ್ಸ್ ಕೊಡುವುದು, ಅತ್ತರೆ ಕೇಳುವುದು ಎಲ್ಲ ಅವರದೇ. ಹೆಸರು ಹೇಳುವುದಿಲ್ಲ, ಸುಳಿವು ಕೊಡುತ್ತಾರೆ, ಹುಡುಕಬೇಕು. ನನಗೆ ಸಿಕ್ಕ ಸುಳಿವು: "ಡೋಲು. ಕರಿದ ಕೋಳಿ. ಕೆಟ್ಟ ಕೂದಲು." ಕ್ಯಾಂಟೀನಿನಲ್ಲಿ ಕೋಳಿ ತೊಡೆ ಕಚ್ಚುತ್ತಾ, ಅರ್ಧ ಕಿತ್ತಳೆ ಬಣ್ಣದ ತಲೆಯಲ್ಲಿ ಕೂತಿದ್ದವಳ ಮುಂದೆ ಹೋಗಿ ನಿಂತೆ. ಅವಳೇ ಕೈ ಒರೆಸಿಕೊಂಡು, ಜೇಬಿನಿಂದ ಬಿಳಿ ದಾರ ತೆಗೆದು ನನ್ನ ಮಣಿಕಟ್ಟಿಗೆ ಕಟ್ಟಿದಳು.

"ಇಷ್ಟು ತಡವಾ? ಸುಳಿವು ಇನ್ನೇನು ಕೊಡ್ಬೇಕಿತ್ತು, ನನ್ನ ಹಲ್ಲಾ? ಕೂತ್ಕೋ ಮರೀ. ತಿಂದಿಲ್ಲ ತಾನೇ?"

ಪಿಂಗ್ ಅಕ್ಕ. ವಿಭಾಗದ ಡೋಲು ಬಾರಿಸುವವಳು, ಹಾಡು ಎತ್ತಿಕೊಡುವವಳು. ಯಾರೂ ನನ್ನನ್ನು ಮರಿ ಎಂದಿರಲಿಲ್ಲ, ಅಜ್ಜಿ ಬಿಟ್ಟು.

ಜುಲೈ 15, ಶನಿವಾರ

ಪಿಂಗ್ ಅಕ್ಕನ ರೂಮು ಕ್ಯಾಂಪಸ್ಸಿನ ಹಿಂಬದಿಯ ಗಲ್ಲಿಯಲ್ಲಿ, ಹಸಿರೆಲೆ ಬೋರ್ಡಿನ ಗಾಂಜಾ ಅಂಗಡಿಯ ಮೇಲೆ. ಹೋದಾಗ ಅಡುಗೆಗೆ ಕೂತಿದ್ದಾಳೆ ಎಂದುಕೊಂಡೆ. ಮುಂದೆ ಹುಣಸೆ ಮರದ ದುಂಡು ಹಲಗೆ, ಕೈಯಲ್ಲಿ ಚಾಕು. ಕೊತ್ತಂಬರಿ ಹೆಚ್ಚುವ ಹಾಗೆ ಟಕಟಕ ಹೆಚ್ಚುತ್ತಿದ್ದಳು.

"ಇದೇನಕ್ಕಾ?"

"ಗಿಡ ಕಣೇ. ಈಗ ಸರ್ಕಾರವೇ ಬಿಟ್ಟಿದೆ. ಕೆಳಗೆ ಐಸ್‌ಕ್ರೀಮ್ ಪಕ್ಕ ಇಟ್ಟು ಮಾರ್ತಾರೆ."

"ಆ ಹಳದಿದು?"

"ಅದು ಹೊಗೆಸೊಪ್ಪು. ಚೆನ್ನಾಗಿ ಉರೀಲಿ ಅಂತ ಚೂರು ಹಾಕೋದು. ಸಾರಿಗೆ ಉಪ್ಪಿದ್ದಂಗೆ."

"ಇಪ್ಪತ್ತು ತುಂಬಿರ್ಬೇಕಲ್ವಾ ಇದಕ್ಕೆ?"

"ನನಗೆ ತುಂಬಿದೆ. ನೀನು ನನ್ನ ತಂಗಿ. ಸರಿಹೋಯ್ತಲ್ಲ!"

ಬಿದಿರ ಕೊಳವೆ ನನ್ನ ಕಡೆ ಬಂತು. ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು, ಅಕ್ಕ ಬೆನ್ನು ತಟ್ಟಿದಳು. ಆಮೇಲೆ ತಲೆಯೊಳಗಿನ ಸದ್ದು ನಿಂತಿತು. ಫ್ರಿಜ್ ಸದ್ದು ನಿಂತಾಗಲೇ ಅದು ಇಷ್ಟು ಹೊತ್ತೂ ಸದ್ದು ಮಾಡುತ್ತಿತ್ತು ಎಂದು ಗೊತ್ತಾಗುತ್ತದಲ್ಲ, ಹಾಗೆ.

ಜುಲೈ 25, ಮಂಗಳವಾರ

ಮಣ್ಣಿನ ಕ್ಲಾಸಿನಲ್ಲಿ ಕೂರಲಾಗಲಿಲ್ಲ. ಕಾಲು ತಾನಾಗೇ ಕುಣಿಯುತ್ತದೆ. ಮಧ್ಯಾಹ್ನ ಗಲ್ಲಿಗೆ ಓಡಿದೆ. ಈಗ ಬೆಳಿಗ್ಗೆಯೂ ಹೋಗುತ್ತಿದ್ದೇನೆ. ಅಕ್ಕ ಇಲ್ಲದಿದ್ದರೆ ಹಲಗೆಯ ಮೇಲೆ ಉಳಿದದ್ದನ್ನು ನಾನೇ ಒಟ್ಟು ಮಾಡುತ್ತೇನೆ.

ಮುಕ್ ಮೂಗು ಮುಚ್ಚಿಕೊಂಡಳು. "ನೀನು ಮೆಟ್ಟಿಲು ಹತ್ತೋವಾಗ್ಲೇ ನನ್ನೆದೆಗೆ ಗೊತ್ತಾಗುತ್ತೆ ಕಣೇ. ಸಿಗರೇಟಾ?"

"ಛೀ. ನಾನು ಸಿಗರೇಟು ಮುಟ್ಟಲ್ಲ."

ಇದು ನಿಜ. ಅಪ್ಪನ ಕೋಟಿನ ತುಂಬ ಅದೇ ವಾಸನೆ ಇರುತ್ತಿತ್ತು. ಸಿಗರೇಟು ನನಗೆ ಆಗುವುದೇ ಇಲ್ಲ.

ಕಿಟಕಿ ತೆರೆದಿಟ್ಟು ಮಲಗಿದಳು. ಮಳೆ ಎರಚಲು ಪೂರ್ತಿ ನನ್ನ ಮಂಚಕ್ಕೆ. ಬೇಕೆಂದೇ ಮಾಡಿದಳು.

ಆಗಸ್ಟ್ 3, ಗುರುವಾರ

ಬೆಟ್ಟ ಹತ್ತುವ ಅಭ್ಯಾಸ ಶುರುವಾಗಿದೆ. ಸೆಪ್ಟೆಂಬರಿನಲ್ಲಿ ಮೊದಲ ವರ್ಷದವರೆಲ್ಲ ಹಾಡುತ್ತಾ ಬೆಟ್ಟದ ಮೇಲಿನ ದೇವಾಲಯಕ್ಕೆ ನಡೆಯಬೇಕು. ಐದೈದು ಜನರ ಸಾಲು, ತೋಳಿಗೆ ತೋಳು. ಕೊನೆಯ ಕಡಿದಾದ ತಿರುವಿನಲ್ಲಿ ನಡೆಯುವಂತಿಲ್ಲ, ಓಡಬೇಕು. ಹತ್ತದವರನ್ನು ಯಾರೂ ಹೊರಗೆ ಹಾಕುವುದಿಲ್ಲ. ಆದರೆ ನಾಲ್ಕು ವರ್ಷ ಜನ "ನೀನು ಹತ್ತಿದ್ದೀಯಾ?" ಎಂದು ಕೇಳುತ್ತಲೇ ಇರುತ್ತಾರೆ.

ಮೊದಲ ತಿರುವಿನಲ್ಲೇ ವಾಂತಿ ಮಾಡಿಕೊಂಡೆ. ಉಬ್ಬಸದ ಮುಕ್ ನನ್ನ ತಲೆ ಹಿಡಿದುಕೊಂಡಳು! ಮುಂದೆ ಪಿಂಗ್ ಅಕ್ಕ ಡೋಲು ಬಾರಿಸುತ್ತಾ ಕೆಮ್ಮು ಬಂದಾಗೆಲ್ಲ ಎರಡೇಟು ಜೋರಾಗಿ ಹಾಕಿ ಮುಚ್ಚುತ್ತಿದ್ದಳು.

ಮುಕ್ ನನ್ನನ್ನು ಕ್ಯಾಂಪಸ್ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಡಾಕ್ಟರ್ ಚಿಕ್ಕ ವಯಸ್ಸಿನವರು, ಅವರ ಮೇಜಿನ ಮೇಲೆ ಅರ್ಧ ತಿಂದ ಬಾಳೆಹಣ್ಣು. ಗಾಂಜಾ ಎಂದು ಒಪ್ಪಿಕೊಂಡೆ, ಬೈಗುಳಕ್ಕೆ ಕಾದೆ.

"ಪೂರ್ತಿ ಬಿಟ್ರೆ ಅದಕ್ಕಿಂತ ಒಳ್ಳೇದಿಲ್ಲ, ನಿನ್ನ ವಯಸ್ಸಿಗೆ," ಎಂದರು. "ಈಗ್ಲೇ ಆಗಲ್ಲ ಅಂದ್ರೆ ದಿನಾ ಬೇಡ. ಬೆಳಿಗ್ಗೆ ಅಂತೂ ಬೇಡ. ಹೊಗೆನ ಎದೇಲಿ ಹಿಡಿದಿಟ್ಕೋಬೇಡ. ಸೇದಿ ಸ್ಕೂಟರ್ ಹತ್ತಬೇಡ, ಹತ್ತಿದವರ ಹಿಂದೇನೂ ಕೂರಬೇಡ. ತಂಬಾಕು ಬೆರೆಸ್ತೀಯಾ?"

"ಇಲ್ಲ. ನಾನು ಸಿಗರೇಟು ಸೇದಲ್ಲ."

ಅವರು ಬಾಳೆಹಣ್ಣನ್ನು ಪಕ್ಕಕ್ಕೆ ಸರಿಸಿದರು. "ಸರಿ. ಬೇರೆ ಏನಾದ್ರೂ ನೆನಪಾದ್ರೆ ಬಾ."

ಸುಳ್ಳು ಹೇಳಿದೆನೇ? ಉಪ್ಪನ್ನು ಯಾರಾದರೂ ಊಟ ಎನ್ನುತ್ತಾರೆಯೇ? ಅಲ್ಲದೆ ಶಾಲೆಯಲ್ಲಿ ಒಂದೇ ಒಂದು ಸಿಗರೇಟಿಗೆ ಒಬ್ಬಳನ್ನು ಟ್ರಂಕ್ ಸಮೇತ ಗೇಟಿನ ಹೊರಗೆ ನಿಲ್ಲಿಸಿದ್ದನ್ನು ನೋಡಿದ್ದೇನೆ. ಕೇಳಿದವರಿಗೆಲ್ಲ ಹೇಳಬಾರದು ಎಂದು ಅಲ್ಲೇ ಕಲಿತೆ. ಆದರೆ ಇವರು ಯಾಕೆ ಬೈಯಲಿಲ್ಲ? ಅದೇ ತಲೆಯಲ್ಲಿ ಕೊರೆಯುತ್ತಿದೆ.

ಆಗಸ್ಟ್ 8, ಮಂಗಳವಾರ

"ಬೆಟ್ಟ ಹತ್ತೋವರೆಗೂ ಗಾಂಜಾ ಬಿಡ್ತೀನಿ ಅಕ್ಕಾ" ಎಂದೆ.

ಅಕ್ಕ ಚಾಕು ಕೆಳಗಿಟ್ಟಳು. "ಅಂದ್ರೆ ಇಲ್ಲಿಗೆ ಬರಲ್ಲ."

"ಹಾಗಲ್ಲ."

"ಹಾಗೇ ಕಣೇ. ಹೋದ ವರ್ಷ ನನ್ನ ಸಂಖ್ಯೆಯ ಅಕ್ಕನೂ ಹೀಗೇ ಅಂದ್ಲು. ಈಗ ಎದುರು ಸಿಕ್ರೆ ಕೈ ಜೋಡಿಸ್ತಾಳೆ, ಹೆಡ್‌ಮಾಸ್ಟರಿಗೆ ಮುಗಿದಂಗೆ. ಹೋಗು, ಹೋಗು. ಪರಂಗಿ ತಾನೇ? ಹೋಗೋದು ನಿಮ್ಮ ರಕ್ತದಲ್ಲೇ ಇದೆ."

ಸಂಜೆಯೊಳಗೆ ವಾಪಸ್ ಹೋದೆ. ಅಕ್ಕ ಕೊಳವೆ ಕೊಟ್ಟಳು, ಆಮೇಲೆ ನನ್ನ ಜಡೆ ಹೆಣೆದಳು. ಅವಳನ್ನು ಕಳೆದುಕೊಂಡರೆ ಈ ಊರಿನಲ್ಲಿ ನನಗೆ ಯಾರೂ ಇಲ್ಲ. ಬೆಟ್ಟ ಹೋದರೆ ಹೋಗಲಿ.

ಆಗಸ್ಟ್ 12, ಶನಿವಾರ. ಲಂಪಾಂಗ್

ನಮ್ಮ ದೇಶದಲ್ಲಿ ಇವತ್ತು ತಾಯಂದಿರ ದಿನ, ರಜೆ. ಅಮ್ಮ ಫುಕೆಟ್‌ನಿಂದ ಬರಲಿಲ್ಲ, ಅವಳು ಕೆಲಸ ಮಾಡುವ ಹೋಟೆಲ್ ತುಂಬಿದೆಯಂತೆ. ಮಲ್ಲಿಗೆ ಮಾಲೆಯನ್ನು ಅಜ್ಜಿಯ ಪಾದಕ್ಕಿಟ್ಟು ನಮಸ್ಕರಿಸಿದೆ. ಅಮ್ಮನ ಪಾಲಿನದೂ ಅವಳಿಗೇ ಸಿಕ್ಕಿತು.

ಇಲ್ಲಿ ಗಾಂಜಾ ಇಲ್ಲ. ತಂದಿಲ್ಲ, ಹುಡುಕುವುದೂ ಇಲ್ಲ. ಆದರೆ ಬೆಳಿಗ್ಗೆಯಿಂದ ಒಂದು ಕಡೆ ನಿಂತಿಲ್ಲ. ಅಂಗಳ, ಬಾವಿ, ಮತ್ತೆ ಅಂಗಳ. ಅಜ್ಜಿ ಅಂಟಕ್ಕಿ ಅನ್ನ ಮುಂದಿಟ್ಟು "ತಿನ್ನು ಮರಿ" ಎಂದದ್ದಕ್ಕೆ "ಒಂದೇ ಮಾತು ಎಷ್ಟು ಸಲ ಹೇಳ್ತೀಯಾ!" ಎಂದು ಕಿರುಚಿಬಿಟ್ಟೆ. ಅವಳು ಹೇಳಿದ್ದು ಒಂದೇ ಸಲ.

ಆಗಸ್ಟ್ 13, ಭಾನುವಾರ

ಈ ಪುಟವನ್ನು ಎರಡು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ. ಭಯವೋ ಸಿಟ್ಟೋ.

ಅಜ್ಜಿಗೆ ಊಟವಾದ ಮೇಲೆ ಚುಟ್ಟಾ ಬೇಕು. ಒಣಬಾಳೆಲೆಯಲ್ಲಿ ನಾಟಿ ಹೊಗೆಸೊಪ್ಪು ಸುತ್ತಿದ್ದು. ಒಲೆಯ ಕೆಂಡದಿಂದ ಹೊತ್ತಿಸಿ ತಂದುಕೊಡುವುದು ಮೊಮ್ಮಕ್ಕಳ ಕೆಲಸ. ನಾವು ಚಿಕ್ಕವರಿದ್ದಾಗ ಊರೂರಲ್ಲೂ ಇದೇ, ಯಾರೂ ತಪ್ಪೆಂದುಕೊಂಡಿರಲಿಲ್ಲ. ಇವತ್ತೂ ಕೂಗಿದಳು, "ಲಿನ್, ಬೆಂಕಿ ತೋರಿಸ್ಕೊಂಡು ಬಾ." ಬಾಯಿಗಿಟ್ಟು ಎಳೆಯದಿದ್ದರೆ ಅದು ಹೊತ್ತುವುದಿಲ್ಲ. ಎಳೆದೆ. ಹೊತ್ತಿತು. ಇನ್ನೊಂದು ಸಲ ಎಳೆದೆ, ಅದರ ಅಗತ್ಯ ಇರಲಿಲ್ಲ.

ಎರಡು ದಿನದ ತಳಮಳ ಅಲ್ಲೇ ಒಲೆಯ ಮುಂದೆ ಕೂತುಬಿಟ್ಟಿತು. ಕಾಲು ನಿಂತಿತು. ಫ್ರಿಜ್ ಸದ್ದು ನಿಂತಿತು.

ಗಾಂಜಾ ಇರಲಿಲ್ಲ. ಒಂದು ಎಸಳೂ ಇರಲಿಲ್ಲ. ಬರೀ ಹೊಗೆಸೊಪ್ಪು.

ಹಾಗಾದರೆ ಇಷ್ಟು ದಿನ ನಾನು ಓಡಿ ಓಡಿ ಹೋಗುತ್ತಿದ್ದದ್ದು ಉಪ್ಪಿಗೆ.

ಅಜ್ಜಿ ಚುಟ್ಟಾ ತೆಗೆದುಕೊಂಡು ನನ್ನ ಮುಖ ನೋಡಿದಳು. "ಎಷ್ಟು ದಿನದಿಂದ?" ಎಂದಳು, ಅಷ್ಟೇ. ನಾನು ಅತ್ತೆ. ಅವಳು ತನ್ನ ಚುಟ್ಟಾವನ್ನು ಬೂದಿಗೆ ಒತ್ತಿ ಆರಿಸಿದಳು. ಅರ್ಧ ಗಂಟೆ ಬಿಟ್ಟು ಮತ್ತೆ ಹೊತ್ತಿಸಿಕೊಂಡಳು, ತಾನೇ ಎದ್ದು ಹೋಗಿ. "ನನ್ನದು ಹೋಗುತ್ತೆ ನನ್ನ ಜೊತೆ," ಎಂದಳು. "ಇನ್ಮೇಲೆ ನೀನು ಇದಕ್ಕೆ ಬೆಂಕಿ ಮುಟ್ಟಿಸ್ಬೇಡ."

ಆಗಸ್ಟ್ 16, ಬುಧವಾರ

ಅಕ್ಕನಿಗೆ ಹೇಳಿದೆ. ಮೂರ್ಖಳ ಹಾಗೆ ಎಲ್ಲವನ್ನೂ ಒಂದೇ ಉಸಿರಿಗೆ.

"ನಮ್ಮನ್ನ ಹಿಡ್ಕೊಂಡಿರೋದು ಗಿಡ ಅಲ್ಲ ಅಕ್ಕಾ, ಹೊಗೆಸೊಪ್ಪು. ನೀನು ಬೆಳಿಗ್ಗೆ ಎದ್ದ ತಕ್ಷಣ ಕೆಮ್ಕೊಂಡೇ ಹಲಗೆ ಹುಡುಕ್ತೀಯಲ್ಲ, ಅದು."

"ಓಹೋ, ಡಾಕ್ಟರಮ್ಮ! ಹೊಗೆಸೊಪ್ಪು ನಿಮ್ಮಜ್ಜಿ ಸೇದಿಲ್ವಾ? ಸತ್ಲಾ?"

"ಅದನ್ನ ಹಾಕ್ಬೇಡ ಅಂತಷ್ಟೇ. ನಾನು ಬರ್ತೀನಿ, ಕೂರ್ತೀನಿ, ಕೋಳಿ ತಿಂತೀನಿ."

"ಕೋಳಿ ತಿನ್ನೋಕೆ ಕ್ಯಾಂಟೀನ್ ಇದೆ." ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟಳು. "ನನ್ನೆದುರು ಕೂತು ನನ್ನ ಉಸಿರು ಎಣಿಸೋರು ಬೇಡ ನನಗೆ. ಬಾಗಿಲು ಹಾಕ್ಕೊಂಡು ಹೋಗು."

ಹಾಕಿಕೊಂಡು ಬಂದೆ. ಮುಗಿಯಿತು.

ಆಗಸ್ಟ್ 17

ಕೈ. ಈ ಕೈಗಳಿಗೆ ಏನು ಕೆಲಸ ಕೊಡಲಿ?

ಆಗಸ್ಟ್ 19, ಶನಿವಾರ

ಮುಕ್‌ಳ ಚಕ್ಕೋತ ಸುಲಿದೆ. ನನ್ನದನ್ನೂ ಸುಲಿದೆ. ಯಾರದೋ ಚಕ್ಕೋತ ಫ್ರಿಜ್ಜಿನಲ್ಲಿತ್ತು, ಅದನ್ನೂ. ಅಜ್ಜಿ ಕಟ್ಟಿಕೊಟ್ಟ ಹುಳಿ ಬರಿಸಿದ ಚಹಾ ಎಲೆಯನ್ನು ದವಡೆಗೆ ಒತ್ತಿಕೊಂಡು ಕೂತರೆ ಮುಕ್ "ಮುದುಕಿ" ಎನ್ನುತ್ತಾಳೆ. ಎಲ್ಲರ ಮೇಲೂ ಸಿಟ್ಟು. ಫ್ಯಾನಿನ ಮೇಲೂ.

ಕ್ಲಿನಿಕ್ಕಿಗೆ ಹೋಗಿ ನಿಜ ಹೇಳಿದೆ. ಡಾಕ್ಟರ್ "ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದೂ ಕೇಳಲಿಲ್ಲ. ಯಾವ ಹೊತ್ತಿಗೆ ಹೆಚ್ಚು ಬೇಕೆನಿಸುತ್ತದೆ ಎಂದು ಕೇಳಿದರು, ಹೊಗೆಸೊಪ್ಪಿನ ಆಸೆ ತಗ್ಗಿಸಲು ಅಗಿಯುವ ಗುಳಿಗೆ ಕೊಟ್ಟರು. "ಜಾರಿದ್ರೆ ಎದ್ದು ಬಾ. ಜಾರಿದೆ ಅಂತ ಅಲ್ಲೇ ಮಲಗ್ಬೇಡ." ಗುಳಿಗೆಗೆ ಮೆಣಸು ಮತ್ತು ಸಾಬೂನಿನ ರುಚಿ.

ಆಗಸ್ಟ್ 24, ಗುರುವಾರ

ಜಾರಿದೆ. ಕ್ಯಾಂಟೀನ್ ಹಿಂದೆ, ಹೆಸರೂ ಗೊತ್ತಿಲ್ಲದವನ ಸಿಗರೇಟು, ಎರಡೆಳೆತ. ತಲೆ ತಿರುಗಿ ತೂಬಿನ ಕಟ್ಟೆ ಮೇಲೆ ಕೂತೆ. ಹುಡುಕಿಕೊಂಡು ಬಂದ ಮುಕ್ ನನ್ನ ಕೈಗೆ ಗುಳಿಗೆ ತುರುಕಿ "ಅಗಿ" ಎಂದಳು. ಬಿಟ್ಟು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಲು ಅವಳು ಬಿಡುವುದಿಲ್ಲ. "ನೀನು ಪರೀಕ್ಷೆ ಬರೀತಿಲ್ಲ" ಎನ್ನುತ್ತಾಳೆ.

ಸಂಜೆ ಅಭ್ಯಾಸ. ಮೂರನೇ ತಿರುವಿನಲ್ಲಿ ಮುಕ್‌ಗೆ ಎದೆ ಕಟ್ಟಿತು, ಅವಳ ಚೀಲವನ್ನು ನಾನೇ ಹೊರಬೇಕಾಯಿತು. ಅವಳು ಏನೇನು ತುಂಬಿಕೊಂಡಿದ್ದಾಳೋ, ಕಲ್ಲು ಹೊತ್ತ ಹಾಗಿತ್ತು. ಕುತ್ತಿಗೆ ಹಿಡಿದುಕೊಂಡಿದೆ. ಏನೂ ಸರಿಯಾಗುತ್ತಿಲ್ಲ.

ಆಗಸ್ಟ್ 31, ಗುರುವಾರ

ಪಿಂಗ್ ಅಕ್ಕ ಎದುರು ಸಿಕ್ಕಳು. ಮುಖ ತಿರುಗಿಸಿಕೊಂಡಳು. ಅವಳ ಗಂಟಲು ಒಡೆದಿದೆ, ಹಾಡು ಎತ್ತಿಕೊಡುವಾಗ ಅರ್ಧಕ್ಕೆ ನಿಲ್ಲುತ್ತಾಳೆ, ಡೋಲಿನಲ್ಲಿ ತುಂಬಿಸುತ್ತಾಳೆ. ಮಣಿಕಟ್ಟಿನ ದಾರ ಕಪ್ಪಾಗಿದೆ. ಕತ್ತರಿಸಲೇ ಎಂದು ಕತ್ತರಿ ತೆಗೆದೆ. ವಾಪಸ್ ಇಟ್ಟೆ.

ಕಾರಿಡಾರಿನ ಕೊನೆಯ ರೂಮಿನ ಹುಡುಗಿ ಬಾಗಿಲು ತಟ್ಟಿದಳು. "ಬಿಡೋದು ಹೇಗೆ ಅಂತ ನಿನ್ನ ಹತ್ರ ಕೇಳ್ಬಹುದಂತೆ. ಬೈಯಲ್ಲ ಅಂದ್ರು." ಅವಳದು ಬಣ್ಣದ ಕೊಳವೆಯ ಎಲೆಕ್ಟ್ರಿಕ್ ಸಿಗರೇಟು, ಕಲ್ಲಂಗಡಿ ವಾಸನೆ, ದಿಂಬಿನಡಿ ಇಟ್ಟುಕೊಂಡೇ ಮಲಗುತ್ತಾಳಂತೆ. ಯಾರು ಹೀಗೆ ಸುದ್ದಿ ಹಬ್ಬಿಸುತ್ತಿದ್ದಾರೆ? ನನಗೇ ನನ್ನ ಕೈ ಹಿಡಿತದಲ್ಲಿಲ್ಲ. ಚಹಾ ಎಲೆ ಕೊಟ್ಟು, ನಾಳೆ ಕ್ಲಿನಿಕ್ಕಿಗೆ ಜೊತೆಗೆ ಬರುತ್ತೇನೆ ಎಂದೆ. ಓದಲು ಇದ್ದದ್ದೆಲ್ಲ ಹಾಗೇ ಉಳಿಯಿತು.

ಸೆಪ್ಟೆಂಬರ್ 9, ಶನಿವಾರ

ಎಲ್ಲಿಂದ ಬರೆಯಲಿ? ಭುಜದ ಚರ್ಮ ಕಿತ್ತಿದೆ, ಅದರಿಂದಲೇ ಶುರು.

ಬೆಳಕು ಹರಿಯುವಾಗ ಹೊರಟೆವು. ಹಸಿರು ಪಟ್ಟಿ ತಲೆಗೆ, ತೋಳಿಗೆ ತೋಳು. ಎಡಕ್ಕೆ ಮುಕ್, ಕೈಯಲ್ಲಿ ಉಬ್ಬಸದ ಪಂಪು. ಸಾಲಿನ ಪಕ್ಕದಲ್ಲಿ ಪಿಂಗ್ ಅಕ್ಕ ಡೋಲು ಕಟ್ಟಿಕೊಂಡು ಮೇಲೂ ಕೆಳಗೂ ಓಡುತ್ತಿದ್ದಳು. ನನ್ನ ಸಾಲಿಗೆ ಬಂದಾಗ ಮಾತ್ರ ಬೆಟ್ಟ ನೋಡುತ್ತಿದ್ದಳು. ಹತ್ತಿರ ಬಂದಾಗ ಹೊಗೆಸೊಪ್ಪಿನ ವಾಸನೆ ಬಂತು. ಬಾಯಲ್ಲಿ ನೀರೂರಿತು. ಇನ್ನೂ!

ಕೊನೆಯ ತಿರುವಿಗೆ ಮೊದಲು ಎಲ್ಲರೂ ನಿಂತು ಹಾಡು ಎತ್ತಬೇಕು, ಆಮೇಲೆ ಓಟ. ಅಕ್ಕ ಎತ್ತಿದಳು. ಮೊದಲ ಸಾಲೇ ಮುಗಿಯಲಿಲ್ಲ, ಕೆಮ್ಮು ಶುರುವಾಯಿತು. ಡೋಲಿನಲ್ಲಿ ಮುಚ್ಚಲು ನೋಡಿದಳು. ಆಗಲಿಲ್ಲ. ಬಗ್ಗಿದಳು, ರಸ್ತೆಯಂಚಿನ ಕಟ್ಟೆಗೆ ಒರಗಿದಳು. ಯಾರೋ ಸೀಟಿ ಊದಿಬಿಟ್ಟರು, ಇಡೀ ವಿಭಾಗ ಕೂಗುತ್ತಾ ತಿರುವಿಗೆ ನುಗ್ಗಿತು.

ನನ್ನ ತೋಳು ಬಿಡಿಸಿಕೊಂಡೆ. ಮುಕ್ "ಏ! ಇನ್ನೊಂದೇ ತಿರುವು ಕಣೇ!" ಎಂದಳು.

"ನೀನು ಹೋಗು."

ಅಕ್ಕನ ತುಟಿ ನೀಲಿಯಾಗಿತ್ತು. ಮೇಲೆ ನೋಡಿ ಕೈ ಬೀಸಿದಳು, ಹೋಗು ಎಂದು. ನಾನು ಡೋಲಿನ ಪಟ್ಟಿ ಅವಳ ಕುತ್ತಿಗೆಯಿಂದ ತೆಗೆದೆ. ಪ್ರಥಮ ಚಿಕಿತ್ಸೆಯವರನ್ನು ಕೂಗಿದೆ, ಕೆಳಗಿನ ತಿರುವಿನಲ್ಲಿದ್ದವರು ಓಡಿಬಂದರು. ಮುಖಕ್ಕೆ ಆಮ್ಲಜನಕ ಹಿಡಿದರು. ಗಾಡಿ ಹತ್ತು ಎಂದರು. ಅಕ್ಕ ತಲೆಯಾಡಿಸಿದಳು. ಬಹಳ ಹೊತ್ತು ಕೂತೆವು. ವಿಭಾಗಗಳು ಒಂದೊಂದಾಗಿ ನಮ್ಮನ್ನು ದಾಟಿ ಹೋದವು.

"ಗಾಡೀಲಿ ಹೋದ್ರೆ ನಾಲ್ಕು ವರ್ಷ ಕೇಳ್ತಾರೆ ನಿನ್ನ," ಎಂದಳು ಕೊನೆಗೆ, ಮಾಸ್ಕ್ ತೆಗೆದು.

"ಕೇಳ್ಲಿ."

"ಬೆಳಿಗ್ಗೆ ಸೇದಿದ್ದೆ ಕಣೇ. ಧೈರ್ಯಕ್ಕೆ."

"ಗೊತ್ತಾಯ್ತು. ಬಾಯಲ್ಲಿ ನೀರು ಬಂತು."

ನಗಲು ಹೋದಳು, ಕೆಮ್ಮಿದಳು. "ನನ್ನ ಮೇಲೆ ಸಿಟ್ಟಿಲ್ವಾ?"

"ತುಂಬಾ ಇದೆ. ಎದ್ದೇಳು. ಹದಿನೈದು ಹೆಜ್ಜೆ ನಡಿ, ನಿಲ್ಲು. ಸಾಕಾದ್ರೆ ಗಾಡಿ ಹಿಂದೇನೇ ಇದೆ."

ಪ್ರಥಮ ಚಿಕಿತ್ಸೆಯವರು ಅವಳ ಬೆರಳಿಗೆ ಯಂತ್ರ ಹಾಕಿ ನೋಡಿ, ನಿಧಾನಕ್ಕೆ ಆದರೆ ಸರಿ ಎಂದರು. ಗಾಡಿ ನಮ್ಮ ಹಿಂದೆಯೇ ಎತ್ತಿನ ಬಂಡಿಯ ಹಾಗೆ ತೆವಳಿತು. ಅರ್ಧ ತಿರುವಿನಲ್ಲಿ ಅಕ್ಕ ನಿಂತಳು. "ಮೂಕರ ಥರ ಹತ್ತಬಾರದು ಕಣೇ. ನಮ್ಮ ವಿಭಾಗದ ಮರ್ಯಾದೆ. ಬಾರಿಸು."

"ನನಗೆ ಬರಲ್ಲ!"

"ಬರದಿದ್ದಂಗೇ ಬಾರಿಸು."

ಬಾರಿಸಿದೆ. ಹಾಡೂ ನಾನೇ ಹೇಳಬೇಕಾಯಿತು, ಅವಳಿಗೆ ಉಸಿರಿಲ್ಲವಲ್ಲ. ಎರಡನೇ ನುಡಿ ಮರೆತು ಮೊದಲನೆಯದನ್ನೇ ಮತ್ತೆ ಮತ್ತೆ ಕೂಗಿದೆ. ಮೇಲೆ ದೇವಾಲಯದ ಹಾವಿನ ಕೆತ್ತನೆಯ ಮೆಟ್ಟಿಲ ಹತ್ತಿರ ಕೂತಿದ್ದ ನಮ್ಮವರು ಎದ್ದು ಬಂದು ನೋಡಿದರು. ಮೊದಲ ದಿನ ನನ್ನ ಮೂಗಿನ ಬಗ್ಗೆ ಕೂಗಿದ್ದವನೂ ಇದ್ದ. ತಾಳ ತಪ್ಪಿದ್ದಕ್ಕೆ ನಕ್ಕಿರುತ್ತಾರೆ. ನೋಡಲಿಲ್ಲ, ಡೋಲು ಅಡ್ಡ ಇತ್ತು.

ಮೇಲೆ ತಲುಪಿದಾಗ ಅಕ್ಕ ಕೇಳಿದಳು, "ಇಷ್ಟು ಉಸಿರು ಎಲ್ಲಿಂದ ಬಂತೇ ನಿನಗೆ?"

ಏನೋ ಕೇಳುತ್ತಾಳೆ. ಪಟ್ಟಿ ಭುಜ ಕೊರೆಯುತ್ತಿತ್ತು, ನನಗೆ ಬೇರೇನೂ ಗಮನ ಇರಲಿಲ್ಲ. ಮುಲಾಮು ಹಚ್ಚಬೇಕು. ಮುಕ್ ಆಗಲೇ ಮಲಗಿದ್ದಾಳೆ. ನಿದ್ದೆ ಎಳೆಯುತ್ತಿದೆ.

ಸೆಪ್ಟೆಂಬರ್ 10, ಭಾನುವಾರ

ಎದ್ದಾಗ ಹತ್ತು ಗಂಟೆ ಹೊಡೆದಿತ್ತು! ಮುಕ್ ಕಿಟಕಿ ಹಾಕಿಟ್ಟಿದ್ದಳು.

ಮಧ್ಯಾಹ್ನ ಪಿಂಗ್ ಅಕ್ಕ ಬಂದಳು. ಮೊದಲ ಸಲ ನಮ್ಮ ರೂಮಿಗೆ. ಕಂಕುಳಲ್ಲಿ ಹುಣಸೆ ಹಲಗೆ, ಕೈಯಲ್ಲಿ ಎರಡು ಮಾವಿನಕಾಯಿ.

"ಇದು ನಿನ್ನ ಹತ್ರ ಇರ್ಲಿ. ಎಸೀಬೇಡ, ನಮ್ಮಮ್ಮ ಅಡುಗೆಗೆ ಅಂತ ಕೊಟ್ಟಿದ್ದು." ಮಂಚದ ತುದಿಯಲ್ಲಿ ಕೂತಳು. "ಎಲ್ಲಾ ಬಿಡು ಅಂತ ಹೇಳ್ಬೇಡ."

"ಹೇಳಲ್ಲ."

"ಮೊದಲು ಹೊಗೆಸೊಪ್ಪು ಮಾತ್ರ. ಆಮೇಲೆ ನೋಡೋಣ. ನಾಳೆ ಆ ಬಾಳೆಹಣ್ಣಿನ ಡಾಕ್ಟರ್ ಹತ್ರ ನೀನೂ ಬರ್ಬೇಕು. ನಾನು ಒಬ್ಳೇ ಹೋಗಲ್ಲ."

"ಬರ್ತೀನಿ. ಗುಳಿಗೆ ಸಾಬೂನಿದ್ದಂಗಿದೆ, ಮೊದ್ಲೇ ಹೇಳಿರ್ತೀನಿ."

ಮುಕ್ ಹಲಗೆಯನ್ನು ಉಪ್ಪು, ನಿಂಬೆ ಹಾಕಿ ತಿಕ್ಕಿದಳು. ನಾನು ತಿಕ್ಕಿದೆ. ಅಕ್ಕ ಮಾವಿನಕಾಯಿ ಹೆಚ್ಚಿದಳು, ಟಕಟಕ, ಅದೇ ಸದ್ದು. ಮೆಣಸಿನಪುಡಿ ಬೆರೆಸಿದ ಸಕ್ಕರೆಗೆ ಒತ್ತಿ ಮೂವರೂ ಬಾಯಿಗಿಟ್ಟುಕೊಂಡೆವು.

"ಥೂ," ಎಂದಳು ಮುಕ್. "ಬರೀ ಹೊಗೆಸೊಪ್ಪು!"

ಅಕ್ಕ ನನ್ನ ಮುಖ ನೋಡಿದಳು. ನಾನು ಎದ್ದು ಹಲಗೆಯನ್ನು ಮತ್ತೆ ನಲ್ಲಿಗೆ ಹಿಡಿದೆ. ಅಕ್ಕ ಇನ್ನೊಂದು ಮಾವಿನಕಾಯಿ ತೆಗೆದಳು.